ಕಾರಣದ ಕಾಲಂ

ಮಧ್ಯಾಹ್ನದ ಪಾಳಿಯ ನರ್ಸುಗಳು ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಅವಳೊಬ್ಬಳ ಎದುರು ಮಾತ್ರ ಪುಸ್ತಕ ತೆರೆದಿರುತ್ತಿತ್ತು. ಸುಟ್ಟಗಾಯದ ವಾರ್ಡಿನಲ್ಲಿ ಹದಿನೆಂಟು ವರ್ಷ ಸವೆಸಿದವಳು ನಲವತ್ತೊಂದನೇ ವಯಸ್ಸಿನಲ್ಲಿ ಅಂಚೆ ಶಿಕ್ಷಣದ ಮೂಲಕ ಇತಿಹಾಸದಲ್ಲಿ ಎಂ.ಎ. ಮಾಡಲು ಹೊರಟಾಗ, ಎಲ್ಲರೂ ಸೇರಿ ಅವಳಿಗೆ 'ಎಂಎ ಸಿಸ್ಟರ್' ಎಂದು ಹೆಸರಿಟ್ಟಿದ್ದರು.

"ಆ ರಾಜರೆಲ್ಲ ಸತ್ತು ಎಷ್ಟೋ ಕಾಲ ಆಯ್ತು ಕಣೇ. ಆರನೇ ಬೆಡ್ಡಿನವನು ಇನ್ನೂ ಬದುಕಿದಾನೆ, ಹೋಗಿ ಡ್ರಿಪ್ ನೋಡು," ಎಂದು ಹಿರಿಯ ಸಿಸ್ಟರ್ ರೇಗಿಸುವರು. ಅವಳು ನಕ್ಕು ಎದ್ದು ಹೋಗುವಳು.

ಎರಡನೇ ವರ್ಷಕ್ಕೆ ಪ್ರಬಂಧ ಬರೆಯಬೇಕಿತ್ತು. ತಮ್ಮ ಆಸ್ಪತ್ರೆಯ ಚರಿತ್ರೆಯನ್ನೇ ಬರೆದರಾಯಿತೆಂದುಕೊಂಡಳು. ಕಟ್ಟಡ ಕಟ್ಟಿಸಿದವರು, ಮೊದಲ ಡಾಕ್ಟರು, ಹೊಸ ವಿಭಾಗಗಳು. ಪ್ರಬಂಧ ನೋಡಿಕೊಳ್ಳುತ್ತಿದ್ದ ಮೇಡಂ ಆ ಹಾಳೆಗಳನ್ನು ತಿರುವಿ ಹಾಕಿ, "ಎಲ್ಲಾ ಇದೆ, ರೋಗಿಗಳೇ ಇಲ್ವಲ್ಲಮ್ಮ," ಎಂದರು.

ಹಾಗಾಗಿ ಅವಳು ಅನುಮತಿ ಪಡೆದು ಹಳೆಯ ದಾಖಲಾತಿ ಪುಸ್ತಕಗಳನ್ನು ಹೊರಗೆ ತೆಗೆಸಿದಳು. ರಜೆಯ ದಿನಗಳಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೂವತ್ತು ವರ್ಷಗಳ ಪುಟಗಳನ್ನು ಓದಿದಳು. ಹೆಸರು, ವಯಸ್ಸು, ವಿಳಾಸ, ಕಾರಣ. ಕಾರಣದ ಕಾಲಮ್ಮಿನಲ್ಲಿ 'ಸ್ಟೌ ಸಿಡಿದು' ಎಂದು ಬರೆಸಿಕೊಂಡಿದ್ದ ಹೆಂಗಸರು ನಾನೂರಕ್ಕೂ ಹೆಚ್ಚು. ಇಪ್ಪತ್ತೈದು ದಾಟದವರೇ ಬಹಳ. ಗಂಡಸರು ಹತ್ತೊಂಬತ್ತು ಮಂದಿ.

ಲೆಕ್ಕದ ಹಾಳೆ ನೋಡಿದ ಮೇಡಂ ಹೆಂಗಸರೇ ಏಕಿಷ್ಟು ಎಂದು ಕೇಳಿದಾಗ, "ಅಡುಗೆ ಮಾಡೋರು ಹೆಂಗಸರೇ ಅಲ್ವಾ ಮೇಡಂ," ಎಂದಳು.

"ಸರಿ. ಆದ್ರೆ ಅತ್ತೆಯಂದಿರೂ ಅಡುಗೆ ಮಾಡ್ತಾರೆ. ಐವತ್ತು ದಾಟಿದವರು ಎಷ್ಟು ಜನ ಇದ್ದಾರೆ?"

ಅವಳು ಹಾಳೆ ನೋಡಿದಳು. ಬೆರಳೆಣಿಕೆಯಷ್ಟಿದ್ದರು.

"ದಾಖಲೆ ಅಂದ ತಕ್ಷಣ ನಂಬಬಾರದು. ಇದನ್ನ ಬರೆದವರು ಯಾರು? ಯಾರು ಹೇಳಿದ್ದನ್ನ ಬರೆದ್ರು? ಬರೆಯೋವಾಗ ಮಂಚದ ಪಕ್ಕ ಯಾರು ನಿಂತಿದ್ರು? ಅದನ್ನ ಮೊದಲು ಕೇಳ್ಕೊಳ್ಳಿ," ಎಂದರು ಮೇಡಂ.

ಅವಳು ವಾರ್ಡಿಗೆ ಬಂದ ಮೇಲಿನ ಎಷ್ಟೋ ಪುಟಗಳಲ್ಲಿ ಇದ್ದದ್ದು ಅವಳದೇ ದುಂಡು ಅಕ್ಷರ.

ಅದರಲ್ಲೊಂದು ಪುಟ ಅವಳನ್ನು ಬಿಡಲಿಲ್ಲ. ಆರು ವರ್ಷದ ಹಿಂದಿನದು. ಇಪ್ಪತ್ತೆರಡು ವರ್ಷದ ಹುಡುಗಿ. ಗಂಡ ಮಂಚದ ಕಾಲ ಬಳಿ ನಿಂತು, "ಸ್ಟೌ ಸಿಡೀತು ಸಿಸ್ಟರ್, ಬರ್ಕೊಳ್ಳಿ," ಎಂದಿದ್ದ. ಬರೆದುಕೊಂಡಿದ್ದಳು. ಅವನು ಔಷಧಿ ತರಲು ಹೋದಾಗ ಹುಡುಗಿ ಪಿಸುಗುಟ್ಟಿತ್ತು: "ಅಕ್ಕಾ, ಸ್ಟೌ ಹಚ್ಚಿರ್ಲೇ ಇಲ್ಲ. ಅವರೇ ಸೀಮೆಎಣ್ಣೆ ಸುರಿದ್ರು." ಹೇಳಿಕೆ ಪಡೆಯುವ ಅಧಿಕಾರಿ ಬರುವ ಮೊದಲೇ ಹುಡುಗಿ ತೀರಿಕೊಂಡಿತು. ಆ ದಿನ ವಾರ್ಡಿನಲ್ಲಿ ಇಪ್ಪತ್ತು ರೋಗಿಗಳು, ನರ್ಸುಗಳು ಇಬ್ಬರು. ಬರೆದದ್ದನ್ನು ಅವಳು ಹೊಡೆದುಹಾಕಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಹಿರಿಯ ಸಿಸ್ಟರ್ ಮುಂದೆ ಇದನ್ನೆಲ್ಲ ಹೇಳಿದಾಗ ಅವರು ಬಾಗಿಲು ಮುಚ್ಚಿದರು.

"ನಾವೇನು ಪೊಲೀಸರಾ? ಬದುಕಿದೋರು ವಾಪಸ್ ಅದೇ ಮನೆಗೆ ಹೋಗ್ಬೇಕು ಕಣೇ. 'ಸ್ಟೌ ಅಂತಲೇ ಬರೀರಿ, ಮಕ್ಕಳಿದಾವೆ' ಅಂತ ನನ್ನ ಕೈ ಹಿಡ್ಕೊಂಡು ಅತ್ತೋರು ಎಷ್ಟು ಜನ ಗೊತ್ತಾ ನಿಂಗೆ? ನಾನೇನು ಲಂಚ ತಿಂದು ಬರೆದ್ನಾ?"

"ಇಲ್ಲ ಸಿಸ್ಟರ್. ಆದ್ರೆ ಈ ಹುಡುಗಿ ಹಾಗೆ ಕೇಳ್ಕೊಂಡಿರ್ಲಿಲ್ಲ."

"ಈಗ ಎದ್ದು ಬರ್ತಾಳಾ ಅವಳು? ನಿನ್ನ ಕೆಲಸಕ್ಕೆ ನೀನೇ ಕಲ್ಲು ಹಾಕ್ಕೋತೀಯ ಅಷ್ಟೇ."

ಮರುದಿನ ಅವಳು ಪುಸ್ತಕದಲ್ಲಿದ್ದ ತವರಿನ ವಿಳಾಸ ಹುಡುಕಿಕೊಂಡು ಹೋದಳು. ಒಂದೇ ಕೋಣೆಯ ಮನೆ. ಹುಡುಗಿಯ ತಾಯಿ ಕಿಟಕಿ ಪಕ್ಕ ಕೂತು ಅಂಗಡಿಯವರ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಆಸ್ಪತ್ರೆಯವಳೆಂದು ಗುರುತು ಸಿಗುತ್ತಲೇ ಕುರ್ಚಿಯ ಮೇಲಿನ ಬಟ್ಟೆ ಸರಿಸಿದಳು.

"ಕೂತ್ಕೊಳ್ಳಿ ತಾಯಿ. ನನ್ನ ಮಗಳನ್ನ ಕೊನೇಲಿ ನೋಡ್ಕೊಂಡೋರು ನೀವು." ನರ್ಸಿಗೆ ಮಾತು ತೆಗೆಯಲು ಬಿಡದೆ ತಾನೇ ಹೇಳತೊಡಗಿದಳು: "ಆ ಸ್ಟೌ ನಾನೇ ಕೊಟ್ಟಿದ್ದು. ಹಳೇದು. ಪಿನ್ ಹಾಕಿ ಹಾಕಿ ಉರಿಸ್ತಿದ್ದೆ. ಹೊಸದು ತರೋಕಾಗ್ಲಿಲ್ಲ ಅಂತ ಅದನ್ನೇ ಉಜ್ಜಿ ಫಳಫಳ ಮಾಡಿ ಕಳಿಸ್ದೆ. ನನ್ನ ಕೈಯಾರೆ ಮಗಳನ್ನ ಸುಟ್ಟೆ."

"ಹಾಗಲ್ಲಮ್ಮ..."

"ಪಾಪ, ಅಳಿಯ ಒಂದು ಮಾತು ಆಡ್ಲಿಲ್ಲ ನಂಗೆ. ವರ್ಷದ ಕೂಸು ಬೇರೆ. ಆ ಋಣಕ್ಕೆ ಚಿಕ್ಕ ಮಗಳನ್ನ ಅವನಿಗೇ ಕೊಟ್ಟೆ. ಮಗೂಗೆ ಚಿಕ್ಕಮ್ಮನೇ ಅಮ್ಮ ಆದ್ಳು."

ನರ್ಸಿಗೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಚಿಕ್ಕವಳು ಹೇಗಿದಾಳೆ?"

"ಇದಾಳೆ." ಸೂಜಿ ನಿಂತಿತು. "ಬಂದಾಗ ತೋಳು ಮುಚ್ಕೊಂಡೇ ಇರ್ತಾಳೆ. ಕೇಳಿದ್ರೆ ಬಿದ್ದೆ ಅಂತಾಳೆ."

ಆಗ ನರ್ಸು ಹೇಳಿದಳು. ಹುಡುಗಿ ಆಡಿದ್ದನ್ನು ಅವಳ ಮಾತಿನಲ್ಲೇ ಹೇಳಿದಳು. ತಾನು ಏನು ಬರೆದೆ, ಏನು ಬರೆಯಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ತಾಯಿಯ ಮಾತಿನಿಂದ 'ನೀವು' ಬಿದ್ದುಹೋಯಿತು.

"ನಿಂಗೆ ಗೊತ್ತಿತ್ತು. ಹೆಣ ಕೊಡೋವಾಗ ನನ್ನ ಕೈಲಿ ಸಹಿ ಹಾಕಿಸ್ಕೊಂಡೋಳೇ ನೀನು. ಆವತ್ತು ಒಂದು ಮಾತು ಅಂದಿದ್ರೆ ಇನ್ನೊಬ್ಬಳನ್ನ ಅವನ ಕೈಗೆ ಕೊಡ್ತಿದ್ನೇನೇ ನಾನು?"

ನರ್ಸು ತಲೆ ತಗ್ಗಿಸಿದಳು.

ತಾಯಿ ಹೊಲಿಗೆ ಬದಿಗಿಟ್ಟು, ಚಪ್ಪಲಿ ಮೆಟ್ಟಿದಳು. "ಏಳು. ನಡಿ."

ಇಬ್ಬರೂ ಅಳಿಯನ ಮನೆ ಮುಟ್ಟಿದಾಗ ಅವನು ಕೆಲಸಕ್ಕೆ ಹೋಗಿದ್ದ. ಬಾಗಿಲು ತೆರೆದ ಮಗಳಿಗೆ ತಾಯಿ ವಿವರಣೆ ಕೊಡಲಿಲ್ಲ. "ಬಟ್ಟೆ ತಗೋ, ಮಗೂನ ಕರ್ಕೋ," ಎಂದಳು ಅಷ್ಟೇ. ಒಳಗಿನಿಂದ ಅವಳ ಅತ್ತೆ, "ಏನಿದು ಬೀಗಿತ್ತಿ, ಹೇಳದೆ ಕೇಳದೆ?" ಎಂದು ಬಂದರು. ಮಗಳು ಏಕೆಂದು ಕೇಳಲಿಲ್ಲ. ಐದು ನಿಮಿಷದಲ್ಲಿ ಒಂದು ಚೀಲ ಹಿಡಿದು, ಮಗುವಿಗೆ ಚಪ್ಪಲಿ ಹಾಕಿಸುವುದನ್ನೂ ಮರೆತು ಹೊರಗೆ ಬಂದಳು.

ಪೊಲೀಸ್ ಠಾಣೆಯಲ್ಲಿ ಅಧಿಕಾರಿ ಎಲ್ಲ ಕೇಳಿ ಪೆನ್ನು ಕೆಳಗಿಟ್ಟ. "ಆರು ವರ್ಷ ಸುಮ್ಮನಿದ್ದು ಈಗ ಬಂದಿದೀರಿ. ಸುಳ್ಳು ದಾಖಲೆ ಬರೆದೆ ಅಂತ ನೀವೇ ಒಪ್ಕೊಂಡ ಹಾಗಾಗುತ್ತೆ. ಕೆಲಸ ಹೋಗಬಹುದು. ಅವನಿಗೆ ಶಿಕ್ಷೆ ಆಗುತ್ತೆ ಅಂತ ನಾನು ಹೇಳಲಾರೆ. ಯೋಚನೆ ಮಾಡಿ."

"ಬರ್ಕೊಳ್ಳಿ ಸಾರ್," ಎಂದಳು ನರ್ಸು.

ಹೊರಗೆ ಬಂದಾಗ ತಾಯಿ ಅವಳ ಮುಖ ನೋಡದೆಯೇ ಹೇಳಿದಳು: "ನಿನ್ನನ್ನ ನಾನು ಯಾವತ್ತೂ ಕ್ಷಮಿಸಲ್ಲ. ಆದ್ರೆ ಕೋರ್ಟು ಕರೆದಾಗಲೆಲ್ಲ ಬರಬೇಕು ನೀನು."

"ಬರ್ತೀನಮ್ಮ."

ತಿಂಗಳೊಳಗೆ ಆಸ್ಪತ್ರೆ ಅವಳನ್ನು ಅಮಾನತಿನಲ್ಲಿಟ್ಟಿತು. ಪ್ರಬಂಧದಲ್ಲಿ ಅವಳು ತನ್ನ ಕೈಬರಹದ ನಮೂದುಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಬರೆದಳು. ಪದವಿ ಪತ್ರ ಅಂಚೆಯಲ್ಲಿ ಬಂತು. ಮೊಕದ್ದಮೆ ಮುಂದಕ್ಕೆ ಹೋಗುತ್ತ ಹೋಗುತ್ತ ನಾಲ್ಕನೇ ವರ್ಷಕ್ಕೆ ಕಾಲಿಟ್ಟಿತು. ಒಮ್ಮೆ ವಕೀಲರಿಲ್ಲ, ಒಮ್ಮೆ ನ್ಯಾಯಾಧೀಶರಿಲ್ಲ. ಕರೆದಾಗಲೆಲ್ಲ ಅವಳು ಹೋದಳು. ತಾಯಿ ಅವಳೊಡನೆ ಮಾತಾಡುತ್ತಿರಲಿಲ್ಲ. ಬಂದಿದ್ದಾಳೋ ಇಲ್ಲವೋ ಎಂದು ಮಾತ್ರ ಒಮ್ಮೆ ತಿರುಗಿ ನೋಡುತ್ತಿದ್ದಳು.