ಯಾರೂ ಎದುರಾಗದ ಮನೆ

"ಹೊಸ ಮನೆಗೆ ಹೊರಗಡೆ ಗಾಥಿಕ್ ಇರ್ಲಿ ಅಂತೀನಿ ನಾನು. ನನ್ನ ಹೆಂಡತಿಗೆ ಇಟಾಲಿಯನ್ ಬೇಕಂತೆ. ನೀವೇನಂತೀರಿ ಥರ್ಕಲ್?" ಉಣ್ಣೆ ಗಿರಣಿಯ ಮಾಲೀಕ ಓಲ್ಡ್‌ರಾಯ್ಡ್ ವಾಸ್ತುಶಿಲ್ಪಿಯ ಮನೆಯ ಹಜಾರದಲ್ಲಿ ನಿಂತು ಹ್ಯಾಟು ತೆಗೆದ.

ವಾಸ್ತುಶಿಲ್ಪಿ ಆಂಬ್ರೋಸ್ ಥರ್ಕಲ್‌ಗೆ ಎರಡೂ ಒಂದೇ. ಕಮಾನಿನ ತುದಿ ಚೂಪಾದರೆ ಗಾಥಿಕ್, ದುಂಡಗಾದರೆ ಇಟಾಲಿಯನ್. ಬ್ರಾಡ್‌ಫರ್ಡಿನ ಬ್ಯಾಂಕೊಂದರ ನಕ್ಷೆಗೆ ಒಂದೇ ವಾರದಲ್ಲಿ ಅದನ್ನು ಕಳಚಿ ಇದನ್ನು ತೊಡಿಸಿದ್ದ. ಅವನು ಹೆಸರು ಮಾಡಿದ್ದು ಒಳಗಿನ ಏರ್ಪಾಟಿನಿಂದ. ಆಳುಗಳಿಗೆ ಬೇರೆ ಬಾಗಿಲು, ಬೇರೆ ಮೆಟ್ಟಿಲು. ಅವನು ಕಟ್ಟಿದ ಮನೆಗಳಲ್ಲಿ ಯಾರಿಗೂ ಯಾರೂ ಎದುರಾಗುತ್ತಿರಲಿಲ್ಲ. ಗಿರಾಕಿಗಳಿಗೆ ಮಾದರಿಯೆಂದು ತೋರಿಸುತ್ತಿದ್ದದ್ದು ತನ್ನ ಸ್ವಂತ ಮನೆಯನ್ನೇ.

"ಅಲ್ರೀ, ಮನೇಲಿ ಯಾರೂ ಇಲ್ವಾ?"

"ಎಲ್ಲರೂ ಇದಾರೆ."

ಓಲ್ಡ್‌ರಾಯ್ಡ್ ಕಿವಿಗೊಟ್ಟ. ಸದ್ದೇ ಇಲ್ಲ. "ಭಲೇ! ನಮ್ಮನೇಲಿ ಇದ್ದಲು ಹೊರೋಳು ದಿನಾ ಬಂದು ನನ್ನ ಹೊಟ್ಟೆಗೇ ಗುದ್ತಾಳೆ."

ಥರ್ಕಲ್ ನಕ್ಕ. ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅವನ ಹೆಂಡತಿ ಹೆಸ್ಟರ್ ಮೊಟ್ಟೆಯ ಸಿಪ್ಪೆ ಬಿಡಿಸುತ್ತ ಹೇಳಿದ್ದಳು:

"ಸಂಜೆ ರೈಲಿಗೆ ವಿಟ್ಬಿಗೆ ಹೋಗ್ತೀನಿ. ಅಕ್ಕನ ಮನೇಲೇ ಇದ್ಬಿಡ್ತೀನಿ."

"ಎಷ್ಟು ದಿನ?"

"ಮತ್ತೆ ಬರಲ್ಲ. ಹೋಗ್ಬೇಡ ಅನ್ನೋ ಮನಸ್ಸಿದ್ರೆ ಮೇಲೆ ಬಂದು ಹೇಳಿ. ರೂಮಲ್ಲಿರ್ತೀನಿ."

"ಮಧ್ಯಾಹ್ನ ಓಲ್ಡ್‌ರಾಯ್ಡ್ ಬರ್ತಾನಲ್ಲ."

"ಹೌದಲ್ಲ," ಎಂದು ಉಪ್ಪು ಉದುರಿಸಿಕೊಂಡಿದ್ದಳು.

ಅವನಿಗೆ ದುಃಖವಾಗಬೇಕಿತ್ತು. ಆಗಲಿಲ್ಲವಲ್ಲ ಎಂದು ಸ್ವಲ್ಪ ಹೆದರಿಕೆಯಾಯಿತು, ಅಷ್ಟೆ.

"ದೊಡ್ಡ ಪೆಟ್ಟಿಗೆ ಗಿಟ್ಟಿಗೆ ಇಳಿಸೋದಾದ್ರೆ?" ಓಲ್ಡ್‌ರಾಯ್ಡ್ ಕೇಳಿದ.

ಥರ್ಕಲ್ ಹಜಾರದ ಕೊನೆಯ ಬಾಗಿಲನ್ನು ತಟ್ಟಿ ತೋರಿಸಿದ. ಅದಕ್ಕೆ ಸದ್ದು ದಾಟದಂತೆ ದಪ್ಪನೆಯ ಹಸಿರು ಬಟ್ಟೆ ಹೊಡೆಸಿತ್ತು. "ಇದರಾಚೆ ಹಿಂದಿನ ಮೆಟ್ಟಿಲು. ಅಲ್ಲಿ ಪಿಯಾನೋ ಇಳಿಸಿದ್ರೂ ಇಲ್ಲಿ ಕೇಳ್ಸಲ್ಲ. ಹಾಗೇ ಅಂಗಳದಲ್ಲಿ ಗಾಡಿಗೆ ಹಾಕಿ..."

ಅವನು ಬಾಗಿಲಿನಿಂದ ಕೈ ತೆಗೆದ.

"ಈಗ ಇಳಿಸ್ತಿದ್ರೂ ಕೇಳ್ಸಲ್ವಾ?"

"ಈಗ ಇಳಿಸ್ತಿದ್ರೂ."

ಓಲ್ಡ್‌ರಾಯ್ಡ್ ಅವನ ಬೆನ್ನು ತಟ್ಟಿದ. "ಕೆಲಸ ನಿಮ್ದೇ ಹೋಗ್ರಿ. ಹೊರಗಡೆಗೆ ನನ್ನಾಕೆ ಹೇಳಿದ್ದೇ ಬಳೀರಿ." ಆಮೇಲೂ ಗೋಪುರ ಬೇಕೆಂದ, ಬಣ್ಣದ ಗಾಜು ಬೇಕೆಂದ. ಥರ್ಕಲ್ ಎಲ್ಲಕ್ಕೂ ತಲೆಯಾಡಿಸಿದ. ಮೇಲೆ ಹೋಗಬೇಕಿತ್ತು, ಹೋಗಲಿಲ್ಲ.

ಓಲ್ಡ್‌ರಾಯ್ಡ್ ಹೊರಟ ಮೇಲೆ ಥರ್ಕಲ್ ಮುಂಬದಿಯ ಮೆಟ್ಟಿಲು ಹತ್ತಿದ. ಹೆಸ್ಟರಳ ಕೋಣೆಯಲ್ಲಿ ಪೆಟ್ಟಿಗೆ ಇರಲಿಲ್ಲ. ಮಂಚದ ಮೇಲೆ ಅವಳ ಕೈಗವಸು ಬಿದ್ದಿತ್ತು. ಹಿಂದಿನ ಮೆಟ್ಟಿಲಲ್ಲಿ ದಡದಡ ಇಳಿದು ಅಂಗಳಕ್ಕೆ ಬಂದ. ಗಾಡಿಯಲ್ಲಿ ಪೆಟ್ಟಿಗೆಯಿತ್ತು, ಅವಳಿರಲಿಲ್ಲ.

"ಅಮ್ಮಾವ್ರು ಕೈಗವಸು ಮರೆತ್ರಂತೆ. ಈಗಷ್ಟೇ ಒಳಗೆ ಹೋದ್ರು," ಎಂದ ಗಾಡಿಯವನು. "ನಿಮಗೆ ಎದುರಾಗ್ಲಿಲ್ವಾ ಸ್ವಾಮಿ?"

ಬಂದ ದಾರಿಯಲ್ಲೇ ಮೇಲಕ್ಕೆ ಓಡಿದ. ಮಂಚದ ಮೇಲೆ ಕೈಗವಸಿರಲಿಲ್ಲ. ಮುಂಬದಿಯ ಮೆಟ್ಟಿಲಿಳಿದು ಬಂದರೆ ಹಜಾರ ಖಾಲಿ.

"ಹೆಸ್ಟರ್," ಎಂದು ಕೂಗಿದ. ಆ ಮನೆಯಲ್ಲಿ ಅವನು ಕೂಗಿದ್ದು ಅದೇ ಮೊದಲು. ಅವಳು ಸಿಕ್ಕರೆ ಏನು ಹೇಳಬೇಕೆಂದು ಅವನಿಗೆ ಇನ್ನೂ ಹೊಳೆದಿರಲಿಲ್ಲ. ಅಂಗಳದಲ್ಲಿ ಗಾಡಿ ಹೊರಟಿದ್ದರೂ ಇಲ್ಲಿಗೆ ಕೇಳಿಸುವಂತಿರಲಿಲ್ಲ. ಅವನು ಹಸಿರು ಬಾಗಿಲು ತೆಗೆಯಲಿಲ್ಲ, ಮತ್ತೆ ಮೆಟ್ಟಿಲು ಹತ್ತತೊಡಗಿದ.