ಹಕ್ಕಿಗಳ ಬಾಯಲ್ಲಿ ಇದ್ದದ್ದು

"ಮೆತ್ತಗೆ ಹಿಡ್ಕೊಳ್ಳಿ ಮಾವ. ಎದೆ ಅದುಮಿದ್ರೆ ಅದಕ್ಕೆ ಉಸಿರಾಡೋಕಾಗಲ್ಲ."

"ಬಸ್ಸಿನ ಸ್ಟೇರಿಂಗ್ ಹಿಡಿದು ಪಳಗಿದ ಕೈಯಮ್ಮಾ ಇದು. ಎಲ್ಲಿ ಬಿಗಿ ಬೇಕು, ಎಲ್ಲಿ ಬೇಡ ಅಂತ ಗೊತ್ತು," ಎಂದರು ಮಾವ. ಟವೆಲಿನಲ್ಲಿ ಸುತ್ತಿದ ಜುಟ್ಟಿನ ಗಿಣಿ ಅವರ ಅಂಗೈಯಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಆರು ಹಕ್ಕಿಗಳಲ್ಲಿ ಅದೇ ಹಿರಿಯದು. ಸದಾ ಸೀಟಿ ಊದುತ್ತಿದ್ದುದರಿಂದ ಮಾವ ಅದನ್ನು ಕಂಡಕ್ಟರ್ ಎಂದೇ ಕರೆಯುತ್ತಿದ್ದರು.

ಸೊಸೆ ಕೈಗವಸು ತೊಟ್ಟಿದ್ದಳು. ಹತ್ತಿಕಡ್ಡಿಯನ್ನು ಹಕ್ಕಿಯ ಬಾಯೊಳಗೆ ಒಮ್ಮೆ ತಿರುಗಿಸಿ, ಗಾಜಿನ ಕೊಳವೆಗೆ ಇಳಿಸಿ ಮುಚ್ಚಳ ಹಾಕಿದಳು. ಪಶು ಆಸ್ಪತ್ರೆಯ ಲ್ಯಾಬಿನಲ್ಲಿ ದಿನಾ ಮಾಡುವ ಕೆಲಸವೇ. ಆದರೆ ಸ್ವಂತ ಮನೆಯಲ್ಲಿ, ಅದೂ ತುಂಬಿದ ಬಸುರಿಯಾಗಿ, ಮಾಡುತ್ತಿದ್ದುದು ಇದೇ ಮೊದಲು.

ಇಷ್ಟಕ್ಕೆಲ್ಲ ಕಾರಣ ಗಂಡ. ಆಫೀಸಿನಲ್ಲಿ ಯಾರದೋ ಮಗುವಿಗೆ ಭೇದಿಯಾಗಿ, ಅದು ಸಾಕಿದ ಹಕ್ಕಿಯಿಂದಲೇ ಬಂತೆಂದು ಯಾರೋ ಅವನ ಕಿವಿಗೆ ಹಾಕಿದ್ದರು. ಹೆರಿಗೆಗೆ ಮೊದಲು ಹಕ್ಕಿಗಳು ಮನೆ ಬಿಡಬೇಕು ಎಂದು ಅವನು ಪಟ್ಟು ಹಿಡಿದ. ದೊಡ್ಡ ಜಗಳವಾದೀತೆಂದು ಅವಳು ಹೆದರಿದ್ದಳು. ಮಾವ "ಆಯ್ತಪ್ಪ" ಎಂದುಬಿಟ್ಟರು. ಮರುದಿನ ಬಾಲ್ಕನಿಯಲ್ಲಿ ಕೂತು, ಕೊಟ್ಟುಬಿಡಬೇಕಾದ ಪಂಜರದ ಸರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದ ಅವರನ್ನು ಕಂಡು ಅವಳು ತಿಂಡಿ ಬಿಟ್ಟು ಎದ್ದಳು.

"ಪರೀಕ್ಷೆ ಮಾಡ್ದೆ ಯಾರನ್ನೂ ಆಚೆ ಹಾಕೋ ಹಾಗಿಲ್ಲ ರೀ," ಎಂದಳು ಗಂಡನಿಗೆ. "ಎಲ್ಲಿ, ನೀವೂ ಬಾಯಿ ತೆಗೀರಿ."

"ನಾನ್ಯಾಕೆ?"

"ಹೋಲಿಸಿ ನೋಡೋಕೆ."

ಎರಡು ದಿನಕ್ಕೆ ಲ್ಯಾಬಿನ ತಟ್ಟೆಗಳ ಮೇಲೆ ಕ್ರಿಮಿಗಳು ಸಾಸಿವೆಗಿಂತ ಸಣ್ಣ ಚುಕ್ಕೆಗಳಾಗಿ ಎದ್ದವು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಐದು ಹಕ್ಕಿಗಳದ್ದೂ ನೇರಳೆ. ಆರೋಗ್ಯವಾಗಿರುವ ಗಿಣಿಯ ಬಾಯಲ್ಲಿ ಇರಬೇಕಾದವೇ. ಅವಳು ಒಳಗೊಳಗೇ ಹಿಗ್ಗುತ್ತ ಆರನೆಯದನ್ನು ಇಟ್ಟಳು. ಕಂಡಕ್ಟರನದು. ಕಣ್ಣ ತುಂಬ ಗುಲಾಬಿ ಕಡ್ಡಿಗಳು. ಗಿಣಿಯ ಬಾಯಲ್ಲಿ ಇರಬಾರದ ಕ್ರಿಮಿಗಳು.

ಮತ್ತೆ ಬಣ್ಣ ಹಾಕಿದಳು. ಮತ್ತೆ ಗುಲಾಬಿಯೇ. ಈ ಒಂದನ್ನು ಬಾಯಿ ಬಿಡದೆ ನುಂಗಿಕೊಂಡರೆ ಎಲ್ಲವೂ ಉಳಿಯುತ್ತಿದ್ದವು. ಹೇಳಿದರೆ ಗಂಡ ಆರನ್ನೂ ಕಳಿಸುತ್ತಾನೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಯೋಚನೆ. ಹೊಟ್ಟೆಯೊಳಗಿನ ಜೀವದ ಮೇಲೆ ಕೈ ಇಟ್ಟುಕೊಂಡು ಸುಳ್ಳು ಹೇಳಲು ಮಾತ್ರ ಮನಸ್ಸು ಬರಲಿಲ್ಲ.

"ನಾನು ಹೇಳ್ಲಿಲ್ವಾ!" ಗಂಡ ಕುರ್ಚಿಯಿಂದ ಎದ್ದೇಬಿಟ್ಟ.

"ಪೂರ್ತಿ ಕೇಳಿ. ಐದು ಚೆನ್ನಾಗಿವೆ. ಎಲ್ಲರಿಗಿಂತ ಹೆಚ್ಚು ಬೆಳೆದಿರೋದು ನಿಮ್ಮ ತಟ್ಟೇಲಿ. ಕ್ರಿಮಿ ಇದ್ದೋರನ್ನೆಲ್ಲ ಕಳಿಸೋದಾದ್ರೆ ಮೊದ್ಲು ನಿಮ್ಮ ಪೆಟ್ಟಿಗೆ ಕಟ್ಬೇಕು."

ಮಾವ ನಗಲಿಲ್ಲ. "ಆರಕ್ಕೂ ಔಷಧಿ ಹಾಕಿಬಿಡೋಣ. ಆಗ ಭಯ ಇರಲ್ಲ ಅಲ್ವಾ?" ಎಂದರು ಮೆಲ್ಲಗೆ.

"ಬೇಡ ಮಾವ. ಆ ಐದರ ಬಾಯಲ್ಲಿರೋವು ಕಾವಲು ಇದ್ದ ಹಾಗೆ. ಅವು ಸತ್ರೆ ಆ ಜಾಗಕ್ಕೆ ಕೆಟ್ಟವು ಬರ್ತವೆ."

"ಸೀಟಲ್ಲಿ ಕೂತೋರನ್ನ ಎಬ್ಬಿಸಿದ್ರೆ ಪಿಕ್‌ಪಾಕೆಟ್ ಬಂದು ಕೂತ ಹಾಗೆ," ಎಂದರು ಮಾವ.

"ಅದೇ. ಕಂಡಕ್ಟರ್ ಮಾತ್ರ ಗುಣ ಆಗೋವರೆಗೂ ದೂರ ಇರ್ಬೇಕು. ಡಾಕ್ಟರ್ ಔಷಧಿ ಕೊಟ್ಟಿದ್ದಾರೆ. ಈ ಸ್ಥಿತೀಲಿ ನಾನು ಮುಟ್ಟೋ ಹಾಗಿಲ್ಲ."

ಮಾವ ಎದ್ದರು. "ಮೇಲಿನ ಕೋಣೆ ಖಾಲಿ ಇದೆ. ನಾನೂ ಕಂಡಕ್ಟರೂ ಅಲ್ಲೇ ಇರ್ತೀವಿ." ಮಗನ ಕಡೆ ತಿರುಗಿ ಕೇಳಲಿಲ್ಲ, ಹೇಳಿದರಷ್ಟೆ. ಗಂಡ ಔಷಧಿಯ ಶೀಶೆ ಎತ್ತಿಕೊಂಡು ಅದರ ಮೇಲಿನ ಚೀಟಿ ಓದತೊಡಗಿದ.

ಸಂಜೆ ಅವಳು ಮೆಟ್ಟಿಲ ಕಂಬಿ ಹಿಡಿದು, ನಿಂತು ನಿಂತು ಮೇಲೆ ಹತ್ತಿದಳು. ಬಾಗಿಲ ಹೊರಗೇ ನಿಂತು ನೋಡಿದಳು. ಮಾವ ಹಕ್ಕಿಯನ್ನು ಟವೆಲಿನಲ್ಲಿ ಹಿಡಿದಿದ್ದರು. ಅವರ ಎದುರು ಮಂಡಿಯೂರಿದ ಗಂಡ ಔಷಧಿಯ ಡ್ರಾಪರನ್ನು ಎರಡೂ ಕೈಯಲ್ಲಿ ಹಿಡಿದು ಬೆವರುತ್ತಿದ್ದ.

"ಕೊಕ್ಕಿನ ಪಕ್ಕದಿಂದ ಬಿಡೋ. ಅವಸರ ಮಾಡ್ಬೇಡ."

"ಕಚ್ಚಿದ್ರೆ?"

"ಕಚ್ಚಿಸ್ಕೋ."

ಹಕ್ಕಿ ಕಚ್ಚಿತು. ಗಂಡ ಹಲ್ಲು ಕಚ್ಚಿದನೇ ಹೊರತು ಕೈ ಹಿಂದೆಳೆಯಲಿಲ್ಲ. ಔಷಧಿ ಒಳಗಿಳಿಯಿತು. ಮಾವ ಹಕ್ಕಿಯನ್ನು ಪಂಜರದೊಳಗೆ ಬಿಟ್ಟರು. ಅದು ಪುಕ್ಕ ಕೊಡವಿ, ಒಂದು ಕಾಲನ್ನು ಮಡಿಸಿಕೊಂಡು, ತಲೆಯನ್ನು ಬೆನ್ನಿನ ಗರಿಗಳೊಳಗೆ ಹುದುಗಿಸಿತು.

ಗಂಡ ಬೆರಳು ಒರೆಸಿಕೊಳ್ಳುತ್ತ ಎದ್ದ. ಹೊರಗೆ ಗಾಳಿ ಎದ್ದಿತ್ತು. ಅವನು ಕಿಟಕಿಯ ಬಳಿ ಹೋಗಿ, ಪಂಜರದ ಕಡೆಗಿದ್ದ ಕದವನ್ನು ಸದ್ದಾಗದಂತೆ ಎಳೆದು ಮುಚ್ಚಿದ.