ಹತ್ತನೇ ಬ್ರೇಕು

ನಮ್ಮ ಕಾರು ಪತ್ರಿಕೆಯ ಮುಖಪುಟ ಟೆಸ್ಟಿಗೂ ಮುಂಚೆಯೇ ಅಚ್ಚಾಗಿತ್ತು. ಕೆಂಪು ಅಮೆರಿಕನ್ ಕಾರು, ಮೇಲೆ 'ಎದುರಾಳಿಯೇ ಇಲ್ಲ' ಅಂತ ದಪ್ಪಕ್ಷರ. ಸಂಪಾದಕರು ನನ್ನ ಚಿಕ್ಕಪ್ಪ. ಓಡಿಸಿ, ಅಳೆದು, ಬರೆಯುವವಳು ನಾನು. ಹೆಸರಿಲ್ಲದ ಟೆಸ್ಟನ್ನು ನಾವು ಹಾಕುವುದಿಲ್ಲ. ಕೆಳಗೆ ಬರುವುದು ನನ್ನ ಹೆಸರು.

ಬೆಳಿಗ್ಗೆ ಏಳಕ್ಕೆ ಬಳಕೆ ತಪ್ಪಿದ ರನ್‌ವೇ ಮೇಲೆ ಆ ಅಮೆರಿಕನ್ ಕಾರೂ ಅದಕ್ಕೆ ಹೋಲಿಸಬೇಕಾದ ಯುರೋಪಿನ ಚಿಕ್ಕ ಕಾರೂ ನಿಂತಿದ್ದವು. ಯುರೋಪಿನದು ಎಂಟುನೂರೈವತ್ತು ಕೆಜಿ. ರೇಡಿಯೋ ಕೂಡ ಇಲ್ಲ, ಬಾಗಿಲು ಎಳೆಯಲು ಒಂದು ಬಟ್ಟೆ ಪಟ್ಟಿ. ಅಮೆರಿಕದ್ದು ಎರಡರಷ್ಟು ತೂಕ, ಮೂರರಷ್ಟು ಶಕ್ತಿ.

"ಇದು ಕಾರಾ, ಚಪ್ಪಲೀನಾ?" ಅಂದ ಫೋಟೋಗ್ರಾಫರ್ ಡುಮ್ಮಣ್ಣ, ಚಿಕ್ಕದರೊಳಗೆ ಒಂದು ಕಾಲಿಟ್ಟು.

"ಇನ್ನೊಂದು ಕಾಲು ಇಡ್ಬೇಡ ಅಣ್ಣ, ತೂಕ ತಿದ್ದಬೇಕಾಗುತ್ತೆ."

ನೇರ ಓಟದಲ್ಲಿ ಅಮೆರಿಕದ್ದು ಚಿಕ್ಕದನ್ನು ನುಂಗಿ ನೀರು ಕುಡಿಯಿತು. ಸುಳ್ಳೇಕೆ, ಆ ಎಂಜಿನ್ನಿನ ಗುಡುಗಿಗೆ ಇನ್ನೊಂದು ಸಲ ಓಡಿಸಬೇಕು ಅನ್ನಿಸಿತು. ಚಿಕ್ಕಪ್ಪ ಸ್ಟಾಪ್‌ವಾಚ್ ನೋಡಿ ಹಲ್ಲು ಬಿಟ್ಟರು. "ಆನೆ ನಡೆದದ್ದೇ ದಾರಿ ಕಣಮ್ಮ. ನಡಿ, ಹೋಗೋಣ."

"ಬ್ರೇಕ್ ಬಾಕಿ ಇದೆ."

ನನ್ನ ಪದ್ಧತಿ ಒಂದೇ. ನೂರರ ವೇಗದಿಂದ ಪೂರ್ತಿ ನಿಲ್ಲಿಸುವುದು, ತಣಿಯಲು ಬಿಡದೆ ಹತ್ತು ಸಲ. ಬೆಟ್ಟದ ರಸ್ತೆ ಇಳಿಯುವವನಿಗೆ ಮೊದಲನೇ ಬ್ರೇಕಿಗಿಂತ ಹತ್ತನೆಯದು ಮುಖ್ಯ. ಚಿಕ್ಕದು ಮೊದಲ ಸಲ ಮೂವತ್ತಾರು ಮೀಟರಿಗೆ ನಿಂತಿತು, ಹತ್ತನೇ ಸಲ ಮೂವತ್ತೇಳಕ್ಕೆ. ದೊಡ್ಡದು ಮೊದಲು ಮೂವತ್ತೇಳು, ಐದನೇ ಸಲ ನಲವತ್ತೈದು. ಆರು ಮುಗಿದ ಮೇಲೆ ಚಿಕ್ಕಪ್ಪನನ್ನೇ ಪಕ್ಕಕ್ಕೆ ಕೂರಿಸಿಕೊಂಡೆ. ಪೆಡಲು ಕೆಸರಿಗಿಳಿದ ಹಾಗೆ ಇಳಿಯುತ್ತಿತ್ತು. ಹತ್ತನೆಯದಕ್ಕೆ ಅವರೂ ತಮ್ಮ ಕಡೆ ಇಲ್ಲದ ಬ್ರೇಕನ್ನು ಎರಡೂ ಪಾದದಿಂದ ತುಳಿದರು. ಅರವತ್ತೊಂದು ಮೀಟರ್. ಸುಟ್ಟ ವಾಸನೆಗೆ ಮೂಗು ಮುಚ್ಚಿಕೊಂಡು ಇಳಿದರು.

ಆಫೀಸು ತಲುಪುವಷ್ಟರಲ್ಲಿ ಅವರಿಗೆ ಧೈರ್ಯ ಮರಳಿತ್ತು. "ಮೊದಲನೇ ಅಂಕೆ ಮಾತ್ರ ಹಾಕು. ಅದೇನು ಸುಳ್ಳಲ್ವಲ್ಲ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ಹಾವು ಸಾಯಲ್ಲ ಚಿಕ್ಕಪ್ಪ. ಓದಿ ಕಾರು ತಗೊಂಡವನು ಸಾಯ್ತಾನೆ."

"ಓಡಿಸೋದು ಕಲಿಸಿದ್ದು ಯಾರು ನಿಂಗೆ?"

"ನೀವೇ. ನಿಲ್ಸೋಕೆ ಬರ್ದೇ ಇದ್ದವ್ರಿಗೆ ಓಡ್ಸೋಕೂ ಬರಲ್ಲ ಅಂದಿದ್ದೂ ನೀವೇ."

"ಮುಖಪುಟ ಏನು ಮಾಡ್ಲಿ, ತಲೆ ಮೇಲೆ ಹೊತ್ಕೊಳ್ಲಾ?"

"ಅದು ನಿಮ್ಮಿಷ್ಟ."

"ಕೆಲಸ ಹೋಗುತ್ತೆ ನೋಡು. ಅಣ್ಣನ ಮಗಳು ಅಂತ ನೋಡಲ್ಲ."

"ನೋಡ್ಬೇಡಿ."

ಕೂತು ಟೈಪ್ ಮಾಡಿದೆ. ನೇರ ಓಟದಲ್ಲಿ ಅಮೆರಿಕದ್ದು ಗೆದ್ದಿತೆಂದು ಬರೆದೆ, ಗೆದ್ದದ್ದು ಗೆದ್ದದ್ದೇ. ಆಮೇಲೆ ಬ್ರೇಕಿನ ಇಪ್ಪತ್ತು ಅಂಕೆ, ಒಂದೂ ಬಿಡದೆ. ಕೆಳಗೆ ನನ್ನ ಹೆಸರು ಹಾಕಿ ಹಾಳೆಯನ್ನು ಅವರ ಮುಂದಿಟ್ಟೆ.

"ಅಂಕೆ ಹೊಡೆದರೆ ಹೆಸರನ್ನೂ ಹೊಡೀಬೇಕು," ಅಂದೆ.

ಚಿಕ್ಕಪ್ಪ ಪೆನ್ನು ತೆಗೆದರು. ಎರಡರಿಂದ ಹತ್ತರವರೆಗಿನ ಅಂಕೆಗಳನ್ನು ಉದ್ದಕ್ಕೂ ಹೊಡೆದುಹಾಕಿದರು. ಆಮೇಲೆ ನನ್ನ ಹೆಸರನ್ನೂ ಹೊಡೆದುಹಾಕಿದರು. ಅದರ ಪಕ್ಕ ತಮ್ಮ ಹೆಸರಿನ ಮೊದಲ ಅಕ್ಷರ ಬರೆದು ಕೈ ನಿಲ್ಲಿಸಿದರು.

ನಾನು ಎದುರಿನ ಕುರ್ಚಿ ಎಳೆದುಕೊಂಡು ಕೂತೆ.

"ಪೂರ್ತಿ ಬರೀರಿ ಚಿಕ್ಕಪ್ಪ. ಪಕ್ಕದಲ್ಲೇ ಕೂತಿದ್ರಲ್ಲ."